ನೆಗೆಟಿವ್ ಬಂದ ಮೇಲೆ: ಒಂದು ಮನೆ, ಮೂರು ಕೋವಿಡ್

ಈ ಮನೆಯಲ್ಲಿ ನಾಲ್ವರಿದ್ದಾರೆ: 15 ವರ್ಷದ ಹುಡುಗ, ಅವನ ತಂದೆ ತಾಯಿ, 71ರ ಅಜ್ಜಿ. ಅಜ್ಜಿಗೆ ಸಕ್ಕರೆ ಕಾಯಿಲೆಯೂ ಇದೆ, ರಕ್ತದೊತ್ತಡವೂ ಇದೆ, ಕೊಲೆಸ್ಟರಾಲ್‌ಗೆ ಪ್ರತಿ ರಾತ್ರಿ ಒಂದು ಮಾತ್ರೆ ಬೇರೆ. ಹುಡುಗನ ತಾಯಿ 43ರ ಶಾಲಾ ಶಿಕ್ಷಕಿ. ಹೇಳಿಕೊಳ್ಳುವಂಥ ಯಾವ ಕಾಯಿಲೆಯೂ ಅವರಿಗಿಲ್ಲ. ಇಂಥ ಮನೆಗೆ ಕೋವಿಡ್ ಬಂದರೆ ಯಾರ ಮೇಲೆ ಕಣ್ಣಿಡಬೇಕು ಎಂದು ಕೇಳಿದರೆ ಎಲ್ಲರೂ ಅಜ್ಜಿಯನ್ನೇ ತೋರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಲ್ಲಿ ಅಜ್ಜಿ ಮೂರು ವಾರ ತುಂಬುವ ಮೊದಲೇ ಎದ್ದು ಓಡಾಡಿದರು. ಸೊಸೆಗೆ ಐದು ತಿಂಗಳು ಹಿಡಿಯಿತು.

ಈ ಕುಟುಂಬವನ್ನು ಬಹಳ ಕಾಲದಿಂದ ನೋಡಿಕೊಳ್ಳುತ್ತಿರುವ ವೈದ್ಯನಾಗಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಪ್ರಕರಣದಲ್ಲಿ ಅಪರೂಪದ್ದೇನೂ ಇಲ್ಲ. ಬರೆಯಲು ಅದೇ ಕಾರಣ.

ಒಂದೇ ಗೆರೆ

ಶುರುವಾದದ್ದು ಹುಡುಗನಿಂದ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿ ಕೆಲವು ತಿಂಗಳಾಗಿದ್ದವು. ತರಗತಿಯಲ್ಲಿ ನಾಲ್ಕಾರು ಮಕ್ಕಳು ಕೆಮ್ಮಿದರೆ ಯಾರೂ ತಲೆ ಎತ್ತಿ ನೋಡದಂಥ ಕಾಲ. ಶುಕ್ರವಾರ ಸಂಜೆ ಅವನಿಗೆ ಗಂಟಲು ಕೆರೆಯತೊಡಗಿತು, ಮೈ ಬೆಚ್ಚಗಾಯಿತು. ಮನೆಯಲ್ಲಿ ಉಳಿದಿದ್ದ ಆ್ಯಂಟಿಜೆನ್ ಕಿಟ್ ತೆಗೆದು ಅಂದು ರಾತ್ರಿಯೇ ಪರೀಕ್ಷಿಸಿದರು. ಮೂಡಿದ್ದು ಒಂದೇ ಗೆರೆ. ಮಾಮೂಲಿ ನೆಗಡಿ ಎಂದು ಎಲ್ಲರೂ ನಿಶ್ಚಿಂತರಾದರು. ಶನಿವಾರ ನಾಲ್ವರೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಒಟ್ಟಿಗೆ ಕುಳಿತಿದ್ದರು. ಭಾನುವಾರ ಹುಡುಗನ ಕೆಮ್ಮು ಜೋರಾದಾಗ ತಂದೆ ಇನ್ನೊಂದು ಕಿಟ್ ತೆರೆದರು. ಈ ಸಲ ದ್ರವ ಪಟ್ಟಿಯ ಮೇಲೆ ಹರಿಯುತ್ತಿದ್ದ ಹಾಗೆಯೇ ‘ಟಿ’ ಎಂಬಲ್ಲಿ ಗಾಢವಾದ ಗೆರೆ ಬಿತ್ತು. ಪಟ್ಟಿ ಸರಿಯಾಗಿದೆಯೆಂದು ತಿಳಿಸುವ ‘ಸಿ’ ಗೆರೆ ಆಮೇಲೆ ಬಂತು. ವೈರಸ್ ಯಥೇಚ್ಛವಾಗಿದ್ದಾಗ ಹೀಗಾಗುತ್ತದೆ, ಏಕೆಂದರೆ ದ್ರವಕ್ಕೆ ಮೊದಲು ಸಿಗುವುದೇ ಟಿ.

ಎರಡು ದಿನದ ಅಂತರದಲ್ಲಿ ಉತ್ತರ ಹೀಗೆ ತಿರುಗಿಬೀಳುವುದು ಕಿಟ್‌ನ ದೋಷವಲ್ಲ. ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ದೇಹಕ್ಕೆ ಈ ವೈರಸ್ಸಿನ ಪರಿಚಯವಿದ್ದರೆ ಅದು ಬೇಗ ಪ್ರತಿಕ್ರಿಯಿಸುತ್ತದೆ. ಗಂಟಲು ನೋವು, ಜ್ವರ ಎಂಬುದೆಲ್ಲ ಬಹುಪಾಲು ಆ ಪ್ರತಿಕ್ರಿಯೆಯೇ. ಹಾಗಾಗಿ ಲಕ್ಷಣ ಮೊದಲು ಕಾಣಿಸುತ್ತದೆ, ಮೂಗಿನಲ್ಲಿ ವೈರಸ್ ತುದಿ ಮುಟ್ಟುವುದು ಅದಾಗಿ ಕೆಲವು ದಿನಗಳಿಗೆ. ಲಕ್ಷಣವಿದ್ದೂ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿಯೇ ಹೇಳಿತ್ತು. ಮೊದಲ ದಿನದ ನೆಗೆಟಿವ್‌ಗೆ ‘ಇನ್ನೂ ಗೊತ್ತಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅಷ್ಟು ಹೊತ್ತು ಒಂದು ಮಾಸ್ಕ್ ಹಾಕಿಕೊಂಡು ಕಿಟಕಿ ತೆರೆದಿಟ್ಟರೆ ನಷ್ಟವೇನೂ ಇಲ್ಲ.

ಹುಡುಗನಿಗೆ ಎರಡು ದಿನ ಜ್ವರ, ಒಂದು ವಾರ ಕೆಮ್ಮು. ಅವನ ಕಥೆ ಅಲ್ಲಿಗೆ ಮುಗಿಯಿತು. ತಂದೆಗೆ ಸೋಂಕು ತಗಲಲೇ ಇಲ್ಲ. ಪರೀಕ್ಷೆ ಮತ್ತೆ ಮತ್ತೆ ನೆಗೆಟಿವ್ ಬಂತು. ಕೆಲವೇ ತಿಂಗಳ ಹಿಂದೆ ಅವರಿಗೆ ಕೋವಿಡ್ ಆಗಿದ್ದುದು ಕಾರಣವಿರಬಹುದು.

ಅಜ್ಜಿಯ ಬೆರಳು

ಮಂಗಳವಾರ ಸೊಸೆಗೆ ಚಳಿ ಹಿಡಿದು ಜ್ವರ 102 ಡಿಗ್ರಿಗೆ ಏರಿತು. ಅಜ್ಜಿಗೆ ಜ್ವರವೇ ಇರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಮನಸ್ಸು ಮಾಡಲಿಲ್ಲ, ಕೇಳಿದ್ದಕ್ಕೆ ತಡವಾಗಿ ಉತ್ತರಿಸಿದರು, ತಟ್ಟೆಯನ್ನು ಹಾಗೆಯೇ ಪಕ್ಕಕ್ಕೆ ಸರಿಸಿದರು, ಅಷ್ಟೇ. ವಯಸ್ಸಾದವರಲ್ಲಿ ಸೋಂಕು ಅನೇಕ ಸಲ ಈ ವೇಷದಲ್ಲಿ ಬರುತ್ತದೆ: ಜ್ವರ ಕೆಮ್ಮುಗಳಿಲ್ಲದೆ ಬರೀ ನಿಶ್ಶಕ್ತಿ, ಮಂಕುತನ, ಕೆಲವೊಮ್ಮೆ ಕಾಲು ಸೋತು ಬೀಳುವುದು. ಮಗನಿಗೆ ಸಂಶಯ ಬಂದು ಪರೀಕ್ಷಿಸಿದ್ದರಿಂದ ಅದೇ ದಿನ ಗೊತ್ತಾಯಿತು, ಮತ್ತು ಅದೇ ದಿನ ಗೊತ್ತಾದದ್ದರಿಂದ ಔಷಧಿಗೆ ಅವಕಾಶ ಸಿಕ್ಕಿತು. ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಎಂಬ ಜೋಡಿ ಮಾತ್ರೆಯನ್ನು ಲಕ್ಷಣ ಕಾಣಿಸಿದ ಐದು ದಿನದೊಳಗೆ ಶುರುಮಾಡಿ ಐದು ದಿನ, ದಿನಕ್ಕೆರಡು ಹೊತ್ತು ಕೊಡಬೇಕು.

ಆದರೆ ಅದನ್ನು ಸುಮ್ಮನೆ ಬರೆದುಕೊಡುವಂತಿಲ್ಲ. ಜೋಡಿಯಲ್ಲಿ ರಿಟೊನಾವಿರ್‌ನ ಕೆಲಸವೆಂದರೆ ಯಕೃತ್ತಿನ ಒಂದು ಕಿಣ್ವವನ್ನು ಕಟ್ಟಿಹಾಕಿ, ಇನ್ನೊಂದು ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ಅದೇ ಕಿಣ್ವ ಬೇರೆ ಎಷ್ಟೋ ಮಾತ್ರೆಗಳನ್ನೂ ಕರಗಿಸುತ್ತದೆ. ಅಜ್ಜಿ ಕೊಲೆಸ್ಟರಾಲ್‌ಗೆ ನುಂಗುತ್ತಿದ್ದ ಸಿಮ್ವಾಸ್ಟಾಟಿನ್ ಅಂಥದ್ದು. ಜೊತೆಗೆ ಕೊಟ್ಟರೆ ಸ್ನಾಯುಗಳಿಗೇ ಹಾನಿಯಾಗುವ ಮಟ್ಟಕ್ಕೆ ರಕ್ತದಲ್ಲಿ ಏರಬಲ್ಲದು. ಅದನ್ನು ಚಿಕಿತ್ಸೆ ನಡೆಯುವಷ್ಟು ದಿನವೂ, ಮುಗಿದ ಮೇಲೆ ಕೆಲವು ದಿನವೂ ನಿಲ್ಲಿಸಿದೆವು. ರಕ್ತದೊತ್ತಡದ ಆಮ್ಲೋಡಿಪಿನ್ ಪ್ರಮಾಣವನ್ನು ತಗ್ಗಿಸಿದೆವು. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆಯೆಂದು ಹಿಂದಿನ ವರದಿಯಲ್ಲಿ ನೋಡಿಕೊಂಡೆವು, ಏಕೆಂದರೆ ಅದು ಮಂದವಾಗಿದ್ದರೆ ಈ ಔಷಧಿಯ ಪ್ರಮಾಣವೇ ಬೇರೆ. ಮನೆಯಲ್ಲಿ ಹಿರಿಯರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯೊಂದು ಫೋನಿನಲ್ಲಿ ಇದ್ದರೆ ಈ ಕೆಲಸ ಹತ್ತು ನಿಮಿಷದ್ದು. ಇಲ್ಲದಿದ್ದರೆ ಅರ್ಧ ದಿನ ಹೋಗುತ್ತದೆ.

ಬುಧವಾರ ರಾತ್ರಿ ಗಾಬರಿಯ ಕರೆ ಬಂತು: ಆಕ್ಸಿಮೀಟರ್ 88 ತೋರಿಸುತ್ತಿದೆ. ಆ ಅಂಕಿ ನಿಜವೇ ಆಗಿದ್ದರೆ ಒಂದು ಕ್ಷಣವೂ ತಡ ಮಾಡುವಂತಿಲ್ಲ. ಉಸಿರು ಹೇಗಿದೆ ಎಂದು ಕೇಳಿದೆ. ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದಾರೆ, ಉಸಿರಾಟ ನಿಮಿಷಕ್ಕೆ 18, ತುಟಿಯ ಬಣ್ಣ ಸರಿಯಾಗಿದೆ. ಕೈ ಮುಟ್ಟಿ ನೋಡಿ ಎಂದೆ; ತಣ್ಣಗಿತ್ತು. ಉಗುರಿಗೆ ಗಾಢ ಬಣ್ಣ ಬೇರೆ. ಬಣ್ಣ ಅಳಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಕೈಯನ್ನು ಮಡಿಲಲ್ಲಿ ಅಲುಗಾಡದಂತೆ ಇಟ್ಟುಕೊಂಡು, ಅಂಕಿ ಒಂದೆಡೆ ನಿಲ್ಲುವ ತನಕ ಒಂದು ನಿಮಿಷ ಕಾದಾಗ 96 ತೋರಿಸಿತು. ಆ ಯಂತ್ರ ಅಳೆಯುವುದು ಬೆರಳಿನ ಮೂಲಕ ಹಾದುಹೋಗುವ ಬೆಳಕನ್ನು. ತಣ್ಣನೆಯ ಬೆರಳು, ಉಗುರುಬಣ್ಣ, ನಡುಕ ಎಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ. ಚರ್ಮದ ಬಣ್ಣ ಕಪ್ಪಾದಷ್ಟೂ ನಿಜಕ್ಕಿಂತ ಹೆಚ್ಚು ತೋರಿಸುವ ಇನ್ನೊಂದು ದೋಷವೂ ಅದಕ್ಕಿದೆ. ಹಾಗಾಗಿ 96 ಕಂಡಿತೆಂದು ಫೋನ್ ಇಟ್ಟುಬಿಡಲಿಲ್ಲ. ಕೋಣೆಯಲ್ಲಿ ಸ್ವಲ್ಪ ನಡೆಸಿ ಮತ್ತೆ ನೋಡಲು ಹೇಳಿದೆ. 95. ಮುಂದಿನ ದಿನಗಳಲ್ಲೂ 94ಕ್ಕಿಂತ ಕೆಳಗೆ ಇಳಿಯಲಿಲ್ಲ.

ಈ ನಡುವೆ ಬಂಧುವೊಬ್ಬರು 2021ರ ಹಳೆಯ ಔಷಧ ಚೀಟಿಯ ಚಿತ್ರ ಕಳಿಸಿ, ‘ಇದನ್ನೇ ಕೊಡಿಸಿ, ನಮಗೆ ಇದರಿಂದಲೇ ವಾಸಿಯಾಯಿತು’ ಎಂದು ಒತ್ತಾಯಿಸಿದರು. ಅದರಲ್ಲಿ ಒಂದು ಆ್ಯಂಟಿಬಯಾಟಿಕ್, ಒಂದು ಸ್ಟೀರಾಯ್ಡ್ ಇದ್ದವು. ಆ್ಯಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡದು. ಸ್ಟೀರಾಯ್ಡ್ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆಂದು ತೋರಿಸಿದ್ದು ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದವರಲ್ಲಿ. ಆಮ್ಲಜನಕವೇ ಬೇಡದವರಿಗೆ ಲಾಭ ಕಾಣಲಿಲ್ಲ ಎಂಬುದೂ ಅದೇ ಫಲಿತಾಂಶದ ಭಾಗ. ಜನರ ನೆನಪಿನಲ್ಲಿ ಉಳಿದದ್ದು ಮೊದಲರ್ಧ ಮಾತ್ರ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಅದನ್ನು ಮನೆಯಲ್ಲಿ ಕೊಟ್ಟಿದ್ದರೆ ಸಕ್ಕರೆ ನೆತ್ತಿಗೇರುವುದು ಖಚಿತವಾಗಿತ್ತು. ಕೊಡಲಿಲ್ಲ.

ಬಾಯಲ್ಲಿ ಕಬ್ಬಿಣದಂಥ ಕಹಿ ಎಂದು ಐದು ದಿನವೂ ಗೊಣಗಿದ್ದು ಬಿಟ್ಟರೆ ಅಜ್ಜಿ ಔಷಧಿ ಪೂರೈಸಿದರು. ಮುಗಿದ ಮೂರನೇ ದಿನ ಮತ್ತೆ ಮೂಗು ಸೋರಿ ಪರೀಕ್ಷೆ ಪಾಸಿಟಿವ್ ಆಯಿತು. ಈ ಮರುಕಳಿಕೆ ವೈದ್ಯರಿಗೆ ಪರಿಚಿತ. ಮಾತ್ರೆ ನುಂಗದವರಲ್ಲೂ ಆಗುತ್ತದೆ. ಇನ್ನಷ್ಟು ದಿನ ಬೇರೆ ಕೋಣೆ, ಮಾಸ್ಕ್. ತಾನಾಗಿಯೇ ಕಳೆಯಿತು.

ಆರೈಕೆ ಮಾಡಿದವರು

ಅಜ್ಜಿಯ ಉಷ್ಣಾಂಶ, ಆಮ್ಲಜನಕ, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ಹೊತ್ತುಹೊತ್ತಿಗೆ ಬರೆದ ಹಾಳೆ ಇಂದಿಗೂ ನನ್ನ ಕಡತದಲ್ಲಿದೆ. ಕೈಬರಹ ಸೊಸೆಯದು. ತಮಗೆ 102 ಡಿಗ್ರಿ ಇದ್ದ ದಿನವೂ ಬರೆದಿದ್ದಾರೆ. ಅವರ ಸ್ವಂತ ಉಷ್ಣಾಂಶ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಇಬ್ಬರಿಗೂ ಪಾಸಿಟಿವ್ ಆಗಿದ್ದರಿಂದ ಒಂದೇ ಕೋಣೆಯಲ್ಲಿದ್ದರು, ತಂದೆ ಮಗ ಹೊರಗಿದ್ದರು. ‘ನೀನು ಮಲಗಮ್ಮ, ನನಗೇನೂ ಆಗಿಲ್ಲ’ ಎಂದು ಅಜ್ಜಿ; ‘ಮಾತ್ರೆ ನುಂಗಿಬಿಡಿ ಅತ್ತೆ, ಆಮೇಲೆ ಮಲಗುತ್ತೇನೆ’ ಎಂದು ಸೊಸೆ. ಫೋನಿನಲ್ಲಿ ನನಗೆ ಕೇಳಿಸುತ್ತಿದ್ದ ಸಂಭಾಷಣೆ ಇಷ್ಟೇ.

ಸೊಸೆಗೆ ನಾಲ್ಕನೇ ದಿನ ಜ್ವರ ಬಿಟ್ಟಿತು. ಐದನೇ ದಿನ ವಾಸನೆ ಹೋಯಿತು. ಒಂಬತ್ತನೇ ದಿನ ಗೆರೆ ಮಾಯವಾಯಿತು. ಮರು ಸೋಮವಾರವೇ ಶಾಲೆಗೆ ಹೋದರು. ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ನೆಗೆಟಿವ್ ಪರೀಕ್ಷೆ ಹೇಳುವುದು ನಿಮ್ಮಿಂದ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಕಡಿಮೆಯಾಗಿದೆ ಎಂಬುದನ್ನು ಮಾತ್ರ. ನಿಮ್ಮ ದೇಹ ಐದು ತರಗತಿ ನಿಂತು ಪಾಠ ಮಾಡಲು ಸಿದ್ಧವಾಗಿದೆಯೇ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಪ್ರತ್ಯೇಕವಾಸದ ಅವಧಿ ಹತ್ತು ದಿನವಿದ್ದದ್ದು ಐದಾಗಿ, ಮುಂದೆ ಜ್ವರ ಬಿಟ್ಟು 24 ಗಂಟೆ ಎಂಬಲ್ಲಿಗೆ ಬಂದದ್ದು ಸೋಂಕು ಹರಡುವ ಲೆಕ್ಕಾಚಾರದಿಂದ. ಕೆಲಸ ಕೊಡುವವರು, ಮನೆಯವರು, ಎಷ್ಟೋ ಸಲ ರೋಗಿಗಳು ಕೂಡ ಅದನ್ನೇ ಚೇತರಿಕೆಯ ಅವಧಿ ಎಂದುಕೊಂಡುಬಿಟ್ಟಿದ್ದಾರೆ. ಈ ಪ್ರಕರಣದ ತೊಡಕೆಲ್ಲ ಇರುವುದು ಆ ಒಂದು ತಿಳಿವಳಿಕೆಯಲ್ಲಿ.

ಮೊದಲ ವಾರ ಶಾಲೆಯಲ್ಲಿ ಚೆನ್ನಾಗಿಯೇ ಇದ್ದರಂತೆ. ಶನಿವಾರ ಮೈಕೈ ನೋವು, ಗಂಟಲು ಬಿಗಿತ, ತಲೆ ಭಾರ; ಸೋಂಕೇ ಮರಳಿ ಬಂದಿತೆಂದು ಪರೀಕ್ಷಿಸಿದರು, ನೆಗೆಟಿವ್. ಭಾನುವಾರ ಪೂರ್ತಿ ಹಾಸಿಗೆ. ಸೋಮವಾರ ಸ್ವಲ್ಪ ಪರವಾಗಿಲ್ಲ ಅನ್ನಿಸಿ ಮತ್ತೆ ಹೋದರು. ಮೂರು ವಾರ ಇದೇ ನಡೆಯಿತು, ಪ್ರತಿ ಸಲ ಏಳುವುದು ಹಿಂದಿನದಕ್ಕಿಂತ ಕಷ್ಟವಾಯಿತು. ನಾಲ್ಕನೇ ವಾರ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತಾ ಮುಂದಿನ ಹೆಜ್ಜೆ ಏನೆಂಬುದೇ ಹೊಳೆಯದೆ ನಿಂತುಬಿಟ್ಟರು. ಇಪ್ಪತ್ತು ವರ್ಷ ಕಲಿಸಿದ ಲೆಕ್ಕ ಅದು.

ಅವರು ಮೊದಲು ಹೋದದ್ದು ಶಾಲೆಗೆ ಹತ್ತಿರದ ಒಂದು ಆಸ್ಪತ್ರೆಗೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಇಸಿಜಿ, ಎದೆಯ ಎಕ್ಸ್‌ರೇ, ಎಲ್ಲವೂ ಸರಿಯಾಗಿದ್ದವು. ಈ ಪರೀಕ್ಷೆಗಳು ಬೇಕೇ ಬೇಕು. ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಕೋವಿಡ್‌ನ ಹೆಸರಿನಲ್ಲಿ ಅಡಗಿರಬಹುದು. ಆದರೆ ಅಲ್ಲಿ ಸಿಕ್ಕ ಸಲಹೆ: ‘ಎಲ್ಲ ನಾರ್ಮಲ್ ಇದೆ, ಟೆನ್ಷನ್ ಇರಬೇಕು, ದಿನಾ ವೇಗವಾಗಿ ನಡೆಯಿರಿ.’ ನಂಬಿ ನಡೆದರು. ಅದೇ ವಾರಾಂತ್ಯದಲ್ಲಿ ಸ್ನಾನದ ಮನೆಯಲ್ಲಿ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕುಳಿತರು. ಅನಂತರ ನನ್ನಲ್ಲಿಗೆ ಬಂದರು.

ನಾಡಿದ್ದು ಬರುವ ದಣಿವು

ಅತ್ತೆಗಾಗಿ ಹಾಳೆ ತುಂಬಿಸಿದವರಿಗೆ ತಮಗಾಗಿ ಒಂದು ನೋಟ್‌ಬುಕ್ ಇಡುವುದು ಕಷ್ಟವಾಗಲಿಲ್ಲ. ಎರಡೇ ಕಾಲಂ: ಇಂದು ಏನು ಮಾಡಿದೆ, ಇಂದು ಹೇಗಿದ್ದೆ. ಎರಡು ವಾರ ಬಿಟ್ಟು ತಂದರು. ಎರಡು ಕಾಲಂಗಳನ್ನು ಸಾಲಿಗೆ ಸಾಲು ಓದಿದರೆ ಒಂದಕ್ಕೊಂದು ಸಂಬಂಧವೇ ಕಾಣುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುತ್ತಾ ತಡರಾತ್ರಿ ಕುಳಿತ ದಿನದ ಎದುರು ‘ಚೆನ್ನಾಗಿದ್ದೆ’. ಏನೂ ಮಾಡದ ಭಾನುವಾರದ ಎದುರು ‘ಏಳಲಾಗಲಿಲ್ಲ, ಬೆಳಕು ಸಹಿಸಲಾಗಲಿಲ್ಲ’. ಬಲಗಡೆಯ ಕಾಲಂನ್ನು ಎರಡು ದಿನ ಮೇಲಕ್ಕೆ ಸರಿಸಿ ಓದಲು ಹೇಳಿದೆ. ಎಲ್ಲವೂ ಹೊಂದಿಕೊಂಡವು.

ಇದು ಶ್ರಮದ ನಂತರ ಉಲ್ಬಣಿಸುವ ದಣಿವು. ಮಾಮೂಲಿ ಸುಸ್ತು ಕೆಲಸ ಮಾಡಿದ ದಿನವೇ ಬಂದು ನಿದ್ದೆಯಿಂದ ಹೋಗುತ್ತದೆ. ಇದು ಒಂದೆರಡು ದಿನ ತಡೆದು ಬರುತ್ತದೆ, ನಿದ್ದೆಗೆ ಬಗ್ಗುವುದಿಲ್ಲ: ಇಂದು ಮಾಡಿದ ಸಾಲವನ್ನು ನಾಡಿದ್ದು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಶ್ರಮ ಎಂದರೆ ಮೈಯದ್ದೇ ಆಗಬೇಕೆಂದಿಲ್ಲ, ಲೆಕ್ಕ ತಿದ್ದುವುದೂ ಶ್ರಮವೇ. ‘ದಿನದಿಂದ ದಿನಕ್ಕೆ ವ್ಯಾಯಾಮ ಹೆಚ್ಚಿಸಿ’ ಎಂಬ ಉಪದೇಶ ಇಂಥವರಿಗೆ ವಿಷ. ಇದೇ ಲಕ್ಷಣ ಮುಖ್ಯವಾಗಿರುವ ದೀರ್ಘ ದಣಿವಿನ ಕಾಯಿಲೆಗೆ ಹಂತಹಂತದ ವ್ಯಾಯಾಮ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. 2024ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕೋವಿಡ್ ಬಳಿಕ ಇಂಥ ದಣಿವು ಉಳಿದ 25 ರೋಗಿಗಳಿಗೂ 21 ಆರೋಗ್ಯವಂತರಿಗೂ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ ವರದಿ ಪ್ರಕಟವಾಯಿತು. ರೋಗಿಗಳ ಸ್ನಾಯುವಿನಲ್ಲಿ ಶಕ್ತಿ ತಯಾರಿಸುವ ವ್ಯವಸ್ಥೆ ಶ್ರಮದ ಬಳಿಕ ಇನ್ನಷ್ಟು ಕೆಟ್ಟಿತ್ತು, ಅಂಗಾಂಶಕ್ಕೂ ಹಾನಿಯಾಗಿತ್ತು. ‘ಟೆನ್ಷನ್’ ಎಂದು ಮನೆಗೆ ಕಳಿಸುವವರು ಅದನ್ನೊಮ್ಮೆ ಓದಬೇಕು.

ಸ್ನಾನದ ಮನೆಯ ಘಟನೆಗೆ ಬೇರೆ ಪರೀಕ್ಷೆ ಬೇಕಿತ್ತು. ಮಲಗಿಸಿ ನಾಡಿ ನೋಡಿದೆ: ನಿಮಿಷಕ್ಕೆ 72. ಎದ್ದು ಗೋಡೆಗೆ ಒರಗಿ ಹತ್ತು ನಿಮಿಷ ನಿಲ್ಲುವಂತೆ ಹೇಳಿ, ಪ್ರತಿ ನಿಮಿಷ ನಾಡಿಯನ್ನೂ ರಕ್ತದೊತ್ತಡವನ್ನೂ ಅಳೆದೆ. ಎರಡನೇ ನಿಮಿಷಕ್ಕೆ 94, ಆರನೆಯದಕ್ಕೆ 103, ಹತ್ತನೆಯದಕ್ಕೆ 108. ರಕ್ತದೊತ್ತಡ ಇಳಿದಿರಲಿಲ್ಲ. ಪಾದಗಳು ಕೆಂಪಡರಿದ್ದವು. ವಯಸ್ಕರಲ್ಲಿ ನಿಂತ ಹತ್ತು ನಿಮಿಷದೊಳಗೆ ನಾಡಿ 30ಕ್ಕೂ ಹೆಚ್ಚು ಏರಿ ಹಾಗೆಯೇ ಉಳಿದರೆ, ನಿಂತಾಗ ರಕ್ತವನ್ನು ಮೇಲಕ್ಕೊಯ್ಯುವ ಸ್ವಯಂಚಾಲಿತ ನರವ್ಯವಸ್ಥೆ ಎಡವಿದೆ ಎಂದರ್ಥ. ಮಲಗಿಸಿ ತೆಗೆಯುವ ಇಸಿಜಿಯಲ್ಲಿ ಇದು ಕಾಣುವುದಿಲ್ಲ. ಇದಕ್ಕೆ ಖರ್ಚಿನ ಯಂತ್ರ ಬೇಡ, ಒಂದು ಗೋಡೆ ಮತ್ತು ಹತ್ತು ನಿಮಿಷ ಸಾಕು. ಹೊರರೋಗಿ ವಿಭಾಗದಲ್ಲಿ ಸಿಗದೇ ಇರುವುದು ಆ ಹತ್ತು ನಿಮಿಷವೇ.

ಚಿಕಿತ್ಸೆಯಲ್ಲಿ ಬೆರಗಿನದೇನೂ ಇರಲಿಲ್ಲ. ನೀರು ಹೆಚ್ಚು, ರಕ್ತದೊತ್ತಡದ ತೊಂದರೆ ಇಲ್ಲದ್ದರಿಂದ ಉಪ್ಪೂ ತುಸು ಹೆಚ್ಚು, ಸೊಂಟದವರೆಗಿನ ಬಿಗಿ ಕಾಲುಚೀಲ, ಕುಳಿತು ಸ್ನಾನ. ದಣಿವಿಗೆ ಮಾತ್ರೆ ಇಲ್ಲ. ಇದ್ದದ್ದು ಮಿತಿಯೊಳಗೆ ಬದುಕುವ ಶಿಸ್ತು. ಚೆನ್ನಾಗಿರುವ ದಿನವೂ ಮಾಡಬಲ್ಲದ್ದಕ್ಕಿಂತ ಕಡಿಮೆ ಮಾಡಬೇಕು, ಸುಸ್ತಾಗುವ ಮೊದಲೇ ಮಲಗಬೇಕು. ಇದನ್ನು ಹೇಳುವುದು ಸುಲಭ. ಆಚರಿಸುವವರಿಗೆ ಚೆನ್ನಾಗಿರುವ ದಿನವೇ ಶತ್ರು, ಏಕೆಂದರೆ ಬಾಕಿ ಉಳಿದ ಕೆಲಸವೆಲ್ಲ ಅಂದೇ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಇದಕ್ಕೆ ಒಪ್ಪಿಗೆ ತಂದವರು ಅಜ್ಜಿ. ಮಗನನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಯಾರು ಯಾವ ಕೆಲಸ ಮಾಡಬೇಕೆಂದು ಹಂಚಿದರು. ಸೊಸೆ ಅಡ್ಡಮಾತಾಡಿದಾಗ, ‘ನನ್ನ ಬೆರಳು ಹಿಡಿದು ಕೂತಿದ್ದೆಯಲ್ಲ, ಈಗ ನಾನು ಹೇಳಿದ ಹಾಗೆ ಕೇಳು’ ಎಂದರಂತೆ.

ಶಾಲೆಗೆ ನಾನು ಕೊಟ್ಟ ಪತ್ರದಲ್ಲಿ ‘ವಿಶ್ರಾಂತಿ ಬೇಕು’ ಎಂಬ ಸಾಲು ಇರಲಿಲ್ಲ. ಆರು ವಾರ ಅರ್ಧ ದಿನ, ನೆಲಮಹಡಿಯ ತರಗತಿ, ಕುರ್ಚಿಯಲ್ಲಿ ಕುಳಿತು ಪಾಠ, ಎರಡು ತರಗತಿಗಳ ನಡುವೆ ಬಿಡುವು ಎಂದು ಬಿಡಿಬಿಡಿಯಾಗಿ ಬರೆದಿದ್ದೆ. ಮುಖ್ಯ ಶಿಕ್ಷಕರು ಎಲ್ಲಕ್ಕೂ ಒಪ್ಪಿದರು, ಬಿಡುವಿನ ವಿಷಯ ಒಂದಕ್ಕೆ ಮಾತ್ರ ಚೌಕಾಶಿ ನಡೆಯಿತು.

ಹನ್ನೆರಡು ವಾರ ದಾಟಿದಾಗ ಇವರನ್ನು ಕಾಗದದ ಮೇಲೂ ದೀರ್ಘ ಕೋವಿಡ್ ಎಂದು ಕರೆಯಬಹುದಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಮಾಡಿದ ವ್ಯಾಖ್ಯೆಯಂತೆ ಸೋಂಕಿನಿಂದ ಸುಮಾರು ಮೂರು ತಿಂಗಳಿಗೆ ಇರುವ, ಎರಡು ತಿಂಗಳಾದರೂ ಉಳಿದ, ಬೇರೆ ಕಾರಣ ಸಿಗದ ಲಕ್ಷಣಗಳು ಅವು. ಎಚ್ಚರಿಕೆಗೆ ಮಾತ್ರ ಮೂರು ತಿಂಗಳು ಕಾಯಬೇಕಾಗಿಲ್ಲ. ಆ ಹೊತ್ತಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರತೊಡಗಿ ಅವರು ಹೆದರಿದ್ದರು. ತೀವ್ರ ಜ್ವರದ ಎರಡು ಮೂರು ತಿಂಗಳ ಬಳಿಕ ಹೀಗಾಗುವುದುಂಟು, ಮತ್ತೆ ಬೆಳೆಯುತ್ತದೆ.

ವಾಸನೆಯ ಕಥೆ ವಿಚಿತ್ರವಾಗಿತ್ತು. ಐದನೇ ದಿನ ಹೋದದ್ದು ತಿಂಗಳಾದ ಮೇಲೆ ಮರಳಿತು, ಆದರೆ ತಿರುಚಿಕೊಂಡು. ಕಾಫಿ ಸುಟ್ಟ ರಬ್ಬರಿನಂತೆ ನಾರುತ್ತಿತ್ತು, ಈರುಳ್ಳಿ ಕೊಳೆತದ್ದರಂತೆ. ಈ ವೈರಸ್ ಮುಖ್ಯವಾಗಿ ಹೊಡೆಯುವುದು ವಾಸನೆಯ ನರಕೋಶಗಳನ್ನಲ್ಲ, ಅವಕ್ಕೆ ಆಸರೆಯಾಗಿರುವ ಕೋಶಗಳನ್ನು. ದುರಸ್ತಿಯಾಗುವಾಗ ಸಂಕೇತಗಳು ಅರೆಬರೆಯಾಗಿ ತಲುಪುತ್ತವೆ. ಕಾಫಿಯಲ್ಲಿರುವ ಗಂಧಕದ ಒಂದು ಸಂಯುಕ್ತ ಇಂಥವರನ್ನು ವಿಶೇಷವಾಗಿ ಕಾಡುತ್ತದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕರ ಪರಿಮಳವನ್ನು ದಿನಕ್ಕೆರಡು ಬಾರಿ, ಒಂದೊಂದನ್ನು ಇಪ್ಪತ್ತು ಸೆಕೆಂಡಿನಷ್ಟು ಮೂಸುವ ಅಭ್ಯಾಸವನ್ನು ಕನಿಷ್ಠ ಮೂರು ತಿಂಗಳು ಮಾಡಲು ಹೇಳಿದೆ. ಅದರಿಂದಲೇ ಗುಣವಾಯಿತೋ ಕಾಲವೇ ಗುಣ ಮಾಡಿತೋ, ಒಬ್ಬ ರೋಗಿಯನ್ನು ನೋಡಿ ಹೇಳಲಾಗದು.

ಐದನೇ ತಿಂಗಳ ಕೊನೆಗೆ ನೋಟ್‌ಬುಕ್‌ನಲ್ಲಿ ಸತತ ಮೂರು ವಾರ ‘ಏಳಲಾಗಲಿಲ್ಲ’ ಎಂಬ ಸಾಲು ಇರಲಿಲ್ಲ. ಗೋಡೆಗೆ ಒರಗಿದ ಪರೀಕ್ಷೆಯಲ್ಲಿ ನಾಡಿ 70ರಿಂದ 88ಕ್ಕೆ ಏರಿ ನಿಂತಿತು. ಪೂರ್ತಿ ದಿನದ ಪಾಠ ಶುರುಮಾಡಿದ್ದಾರೆ, ಮಹಡಿ ಮೆಟ್ಟಿಲು ದಿನಕ್ಕೆ ಒಂದೇ ಸಲ. ಕಾಫಿ ಈಗ ನಾರುವುದಿಲ್ಲವಂತೆ, ಈರುಳ್ಳಿಯ ಬಗ್ಗೆ ಇನ್ನೂ ಅನುಮಾನ. ಮತ್ತೆ ಸೋಂಕು ತಗಲಿದರೆ ಇದೆಲ್ಲ ಮರುಕಳಿಸುತ್ತದೆಯೇ ಎಂದು ಕೇಳಿದರು. ಮರುಕಳಿಸಬಹುದು, ಮರುಕಳಿಸದೆಯೂ ಇರಬಹುದು; ಲಸಿಕೆ ಆ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ ಎಂದೆ. ಅತ್ತೆ ಸೊಸೆ ಇಬ್ಬರಿಗೂ ಮುಂದಿನ ಲಸಿಕೆಯ ದಿನ ಗೊತ್ತುಮಾಡಿದ್ದೇವೆ. ಸೊಸೆಗೆ ಲಸಿಕೆಯ ಮರುದಿನವೂ ಅದರಾಚೆಯ ದಿನವೂ ಶಾಲೆಗೆ ರಜೆ ಎಂದು ಈ ಸಲ ಮೊದಲೇ ಬರೆದುಕೊಟ್ಟಿದ್ದೇನೆ.